ಮುಂಡಾ ಜನರ ಗ್ರಾಮಗಳು: ನೆಲದ ಒಡೆತನವೂ ಸ್ವಯಮಾಡಳಿತವೂ

ನೆಲವು ಯಾರದೆಂದು ಕೇಳಿದರೆ ನಗರವಾಸಿಗಳಾದ ನಾವು ಕಾಗದವನ್ನು ತೋರಿಸುತ್ತೇವೆ. ಕ್ರಯಪತ್ರವುಂಟು, ಖಾತೆಯುಂಟು, ಕಂದಾಯ ಕಟ್ಟಿದ ರಸೀತಿಯುಂಟು. ಈ ಮೂರೂ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ನಮಗೆ ನಿದ್ರೆ ಚೆನ್ನಾಗಿ ಬರುತ್ತದೆ. ಛೋಟಾನಾಗಪುರದ ಪ್ರಸ್ಥಭೂಮಿಯಲ್ಲಿ, ಎಂದರೆ ಈಗಿನ ಜಾರ್ಖಂಡ ರಾಜ್ಯದ ಖೂಂಟಿ ಜಿಲ್ಲೆಯಲ್ಲಿ, ಮುಂಡಾ ಜನಾಂಗದ ಹಿರಿಯರೊಬ್ಬರನ್ನು ಇದೇ ಪ್ರಶ್ನೆ ಕೇಳಿದರೆ ಅವರು ಊರಿನ ಹುಣಿಸೆಯ ಮರಗಳ ನೆರಳಿಗೆ ಕರೆದೊಯ್ದು, ನೆಲದ ಮೇಲೆ ಮಲಗಿಸಿದ ಅಗಲವಾದ ಚಪ್ಪಡಿಗಳನ್ನು ತೋರಿಸಿಯಾರು. ಇವಕ್ಕೆ ಸಾಸನ್‌ದಿರಿ ಎಂದು ಹೆಸರು. ಸತ್ತವರ ಅಸ್ಥಿಯನ್ನು ಕುಲದವರೆಲ್ಲ ಕೂಡಿ ಈ ಕಲ್ಲುಗಳ ಅಡಿಯಲ್ಲಿ ಇಡುತ್ತಾರೆ. ಯಾವ ಕುಲದ ಎಲುಬುಗಳು ಯಾವ ಊರಿನ ಕಲ್ಲಿನ ಕೆಳಗಿವೆಯೋ ಆ ಊರಿನ ನೆಲವು ಆ ಕುಲದ್ದು. ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಪಟ್ಟಾ ಇಲ್ಲ. ನಮ್ಮ ನಾಡಿನಲ್ಲಿಯೂ ದತ್ತಿಯನ್ನು ಕಲ್ಲಿನ ಮೇಲೆ ಬರೆಯಿಸುವ ವಾಡಿಕೆ ಇದ್ದಿತು. ಆದರೆ ನಮ್ಮ ಶಾಸನದ ಕಲ್ಲು ಮಾತನಾಡುತ್ತದೆ, ಕೊಟ್ಟ ಅರಸನ ಹೆಸರನ್ನು ಹೇಳುತ್ತದೆ. ಮುಂಡರ ಕಲ್ಲಿನಲ್ಲಿ ಅಕ್ಷರವಿಲ್ಲ, ಕೊಟ್ಟವನೂ ಇಲ್ಲ. ಯಾರೂ ಕೊಟ್ಟ ನೆಲವಲ್ಲ ಅದು.

ಹಾಗಾದರೆ ಅದು ಅವರಿಗೆ ಬಂದದ್ದು ಹೇಗೆ? ಕಾಡನ್ನು ಮೊದಲು ಕಡಿದು ಹಸನು ಮಾಡಿದ್ದರಿಂದ ಬಂದದ್ದು. ಒಂದು ಕುಲದ ಕೆಲವು ಮನೆಗಳು ಕೂಡಿ ದಟ್ಟವಾದ ಸಾಲವನದೊಳಕ್ಕೆ ಹೊಕ್ಕು, ಎಲ್ಲೆಗಳನ್ನು ಗೊತ್ತುಮಾಡಿಕೊಂಡು, ಮರ ಕಡಿದು, ತಗ್ಗಿನಲ್ಲಿ ಬತ್ತದ ಗದ್ದೆಗಳನ್ನೂ ದಿಬ್ಬದಲ್ಲಿ ಬೆದ್ದಲು ಹೊಲಗಳನ್ನೂ ತಿದ್ದಿದುವು. ಕಡಿಯದೆ ಬಿಟ್ಟ ಒಂದು ತೋಪು ಸರ್ನಾ ಎನಿಸಿಕೊಂಡಿತು. ಊರಿನ ದೇವತೆಗಳು ಅಲ್ಲಿ ನೆಲೆಸಿದರು. ಕುಣಿತಕ್ಕೂ ಕೂಟಕ್ಕೂ ಅಖಡಾ ಎಂಬ ಬಯಲಾಯಿತು. ಹೀಗೆ ಊರನ್ನು ಕಟ್ಟಿದವರ ವಂಶದವರೆಲ್ಲರೂ ಖೂಂಟ್‌ಕಟ್ಟಿದಾರರು. ಊರಿನ ಎಲ್ಲೆಯೊಳಗಿನ ಹೊಲ, ಬಂಜರು, ಕಾಡು, ಹಳ್ಳ ಎಲ್ಲಕ್ಕೂ ಅವರು ಸಾಮೂಹಿಕವಾಗಿ ಒಡೆಯರು. ಒಂದೊಂದು ಮನೆಯವರು ತಮ್ಮ ತಮ್ಮ ಗದ್ದೆಯನ್ನು ಉಳುವರು, ಮಕ್ಕಳಿಗೆ ಬಿಡುವರು. ಆದರೆ ಅದನ್ನು ಹೊರಗಿನವರಿಗೆ ಮಾರುವ ಮಾತು ಆ ವ್ಯವಸ್ಥೆಯೊಳಗೆ ಹುಟ್ಟುವಂತೆಯೇ ಇರಲಿಲ್ಲ.

ಆಡಳಿತವು ಇದೇ ಬೇರಿನಿಂದ ಚಿಗುರಿದ್ದು. ಊರಿನ ಮುಖ್ಯನನ್ನು ಮುಂಡಾ ಎಂದೂ ಪೂಜೆಯವನನ್ನು ಪಾಹನ್ ಎಂದೂ ಕರೆಯುವರು. ಜನಾಂಗದ ಹೆಸರೂ ಮುಖ್ಯನ ಹೆಸರೂ ಒಂದೇ ಆಗಿರುವುದನ್ನು ಶ್ರೋತೃಗಳು ಗಮನಿಸಬೇಕು. ಈ ಮುಖ್ಯನು ನಮ್ಮ ಕಡೆಯ ಜೋಡಿದಾರನಂತೆ ಊರಿಗೆ ಯಜಮಾನನಲ್ಲ, ಸಮಾನರಲ್ಲಿ ಮೊದಲನೆಯವನು. ಹತ್ತಾರು ಊರುಗಳು ಕೂಡಿ ಒಂದು ಪಡಹಾ. ಅದಕ್ಕೆ ಮಾನ್ಕಿ ಎಂಬ ಹಿರಿಯನು. ಎಲ್ಲೆಯ ಜಗಳ, ಕುಲದ ಕಟ್ಟು ಮುರಿದವರ ವಿಚಾರಣೆ, ದಂಡ ಇವೆಲ್ಲ ಪಡಹಾ ಪಂಚಾಯಿತಿಯಲ್ಲಿ ಬಯಲಾಗಿ ನಡೆಯುತ್ತಿದ್ದುವು. ಕಮ್ಮಾರ, ನೇಕಾರ, ದನಗಾಹಿ ಮೊದಲಾದ ಕಸುಬಿನವರು ಬೇರೆ ಜಾತಿಯವರು; ಅವರಿಗೂ ಊರಿನಲ್ಲಿ ಸ್ಥಳವಿದ್ದಿತು, ಆದರೆ ಮೂಲದ ಒಡೆತನವಿರಲಿಲ್ಲ. ನಮ್ಮ ಹಳೆಯ ಆಯಗಾರರ ಪದ್ಧತಿಯನ್ನು ಬಲ್ಲವರಿಗೆ ಇದರ ಗುಣವೂ ದೋಷವೂ ಎರಡೂ ಪರಿಚಿತವಾಗಿಯೇ ತೋರುವುವು.

ಛೋಟಾನಾಗಪುರಕ್ಕೆ ರಾಜನೂ ಇದ್ದನು. ನಾಗವಂಶದ ಆ ರಾಜನಿಗೆ ಗ್ರಾಮಗಳು ಅಲ್ಪವಾದ ಕಾಣಿಕೆಯನ್ನು ಸಲ್ಲಿಸುತ್ತಿದ್ದುವು. ಕಾಣಿಕೆ ಕೊಟ್ಟವರು ಗೌರವ ತೋರಿಸಿದೆವೆಂದು ತಿಳಿದರು. ತೆಗೆದುಕೊಂಡವರ ಕಡೆಯವರು, ಕಾಲ ಸರಿದಂತೆ, ಅದನ್ನು ಗೇಣಿಯೆಂದು ತಿಳಿದರು. ಇಡೀ ಕಥೆಯ ಬೀಜ ಇಲ್ಲಿದೆ. ರಾಜನು ತನ್ನ ಪರಿವಾರದವರಿಗೂ ವರ್ತಕರಿಗೂ ಗ್ರಾಮಗಳನ್ನು ಜಹಗೀರಾಗಿ ಬರೆದುಕೊಟ್ಟನು. ಅವರು ಬಂದು, ಕಾಣಿಕೆ ವಸೂಲು ಮಾಡುವ ಹಕ್ಕನ್ನು ನೆಲದ ಹಕ್ಕೆಂದೇ ಸಾಧಿಸಿದರು, ಬಿಟ್ಟಿ ದುಡಿಸಿಕೊಂಡರು. ಮುಂಡರು ಇವರನ್ನು ದಿಕು ಎಂದು ಕರೆದರು, ಎಂದರೆ ಹೊರಗಿನವರು. ಆ ಶಬ್ದದಲ್ಲಿ ಕಹಿಯೇ ಹೆಚ್ಚು. 1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯು ಕುಂಪಣಿಗೆ ಬಂದಿತು. 1793ರಲ್ಲಿ ಜಮೀನ್ದಾರನನ್ನೇ ನೆಲದ ಒಡೆಯನೆಂದು ಗ್ರಹಿಸುವ ಶಾಶ್ವತ ಬಂದೋಬಸ್ತು ಬಂದಿತು. ಕುಂಪಣಿಯ ಕೋರ್ಟು ಕಾಗದವನ್ನು ಕೇಳಿತು. ಕಾಗದವಿದ್ದದ್ದು ದಿಕುವಿನ ಕೈಯಲ್ಲಿ. ಕಲ್ಲನ್ನು ಸಾಕ್ಷಿಯಾಗಿ ಓದಬಲ್ಲ ನ್ಯಾಯಾಧೀಶರು ಆ ಕಾಲಕ್ಕೆ ಇರಲಿಲ್ಲ.

ಸೋನೆಪುರ ಪರಗಣೆಯಲ್ಲಿ ಮಾನ್ಕಿಗಳ ಗ್ರಾಮಗಳನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟದ್ದರಿಂದ 1831ರ ಕೊನೆಯಲ್ಲಿ ದಂಗೆಯೆದ್ದಿತು. ಕೋಲ್ ಬಂಡಾಯವೆಂದು ಇತಿಹಾಸದಲ್ಲಿ ಹೆಸರಾದ ಇದು 1832ರಲ್ಲಿ ಸೈನ್ಯದ ಬಲದಿಂದ ಅಡಗಿತು. ಅಡಗಿಸಿದ ಮೇಲೆ ಸರಕಾರವು ಸ್ವಲ್ಪ ಯೋಚಿಸಿತೆಂಬುದನ್ನು ಒಪ್ಪಬೇಕು. 1833ರಲ್ಲಿ ಆ ಸೀಮೆಯನ್ನು ಸಾಮಾನ್ಯ ರೆಗ್ಯುಲೇಷನ್ನುಗಳಿಂದ ಬೇರ್ಪಡಿಸಿ ಒಬ್ಬ ಏಜೆಂಟನ ಕೈಯಲ್ಲಿ ಇಟ್ಟರು. ಏಜೆಂಟನಾಗಿದ್ದ ಕ್ಯಾಪ್ಟನ್ ವಿಲ್ಕಿನ್ಸನ್ನನು 1837ರಲ್ಲಿ, ನೆರೆಯ ಕೋಲ್ಹಾನದ ಹೋ ಜನರ ವಿಷಯದಲ್ಲಿ, ಅವರ ಮುಂಡಾ ಮತ್ತು ಮಾನ್ಕಿಗಳನ್ನೇ ಅಧಿಕಾರಿಗಳೆಂದು ಅಂಗೀಕರಿಸಿ, ವ್ಯಾಜ್ಯಗಳನ್ನು ಪಂಚಾಯಿತಿಯ ಮುಖಾಂತರ ತೀರಿಸುವ ನಿಯಮಗಳನ್ನು ಹಾಕಿದನು. ವಕೀಲರನ್ನು ಆದಷ್ಟು ದೂರವಿಟ್ಟ ನ್ಯಾಯಪದ್ಧತಿ ಅದು. ವಕೀಲ ಮಿತ್ರರು ಕ್ಷಮಿಸಬೇಕು. ಆ ನಿಯಮಗಳ ಪ್ರಸ್ತಾಪವು ಕೋಲ್ಹಾನದ ವ್ಯವಹಾರಗಳಲ್ಲಿ ಸ್ವಾತಂತ್ರ್ಯ ಬಂದ ಎಷ್ಟೋ ಕಾಲದ ಮೇಲೂ ಕೇಳಿಬಂದಿತೆಂದರೆ, ಜನರ ನಡೆವಳಿಕೆಗೆ ಹೊಂದಿದ ಕಟ್ಟಳೆಯ ಆಯುಸ್ಸು ಎಷ್ಟೆಂಬುದನ್ನು ಊಹಿಸಬಹುದು.

ಮುಂಡರ ಸೀಮೆಗೆ ಆ ಭಾಗ್ಯ ಬರಲಿಲ್ಲ. 1869ರ ಕಾನೂನಿನ ಪ್ರಕಾರ ಪ್ರಾಚೀನ ಹಿಡುವಳಿಗಳನ್ನು ಅಳೆದು ದಾಖಲೆ ಮಾಡಿದರು. ಅದರೊಳಗೆ ಸೇರಿದ್ದು ಬಿಡಿಬಿಡಿಯಾದ ಹೊಲಗಳು. ಇಡೀ ಊರು ಒಂದು ಕುಲದ ಒಡೆತನವೆಂಬ ಮುಖ್ಯವಾದ ಮಾತೇ ಬಿಟ್ಟುಹೋಯಿತು. ಅಳತೆಯು ಸರಿಯಾಗಿದ್ದೂ ಅನ್ಯಾಯವಾಗಬಹುದೆಂಬುದಕ್ಕೆ ಇದು ದೃಷ್ಟಾಂತ. ಆ ಬಳಿಕ ಸರ್ದಾರರೆಂಬ ಮುಂದಾಳುಗಳು ದಶಕಗಳ ಕಾಲ ಕಲ್ಕತ್ತೆಯವರೆಗೆ ಅರ್ಜಿಯ ಮೇಲೆ ಅರ್ಜಿಯನ್ನು ಒಯ್ದರು. ವಸೂಲಿ ಮಾಡಿದ ಚಂದಾ ಹಣ ಕರಗಿತು, ಅರ್ಜಿಗಳು ಹಿಂದಿರುಗಿದುವು. ಅರ್ಜಿಗಳ ಈ ಯುದ್ಧಕ್ಕೆ ಸರ್ದಾರೀ ಲಡಾಯಿ ಎಂದೇ ಹೆಸರು ನಿಂತಿದೆ.

ಬಿರ್ಸಾ ಮುಂಡಾ ಹುಟ್ಟಿದ್ದು ಈ ಹತಾಶೆಯ ನಡುವೆ, 1875ರ ನವೆಂಬರ್ 15ರಂದು. ಬಡವರ ಮನೆಯ ಹುಡುಗ; ಚಾಯಿಬಾಸಾದ ಮಿಷನ್ ಶಾಲೆಯಲ್ಲಿ ಕೆಲವು ಕಾಲ ಓದಿದನು. ಇಪ್ಪತ್ತರ ಹರೆಯದಲ್ಲಿ ಹೊಸ ಧರ್ಮವೊಂದನ್ನು ಬೋಧಿಸುತ್ತ, ನೆಲವು ಉಳುವವರದೆಂದೂ ಗೇಣಿ ಕೊಡಬೇಕಾಗಿಲ್ಲವೆಂದೂ ಸಾರತೊಡಗಿದನು. 1895ರಲ್ಲಿ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದಮೇಲೆ 1899ರ ಡಿಸೆಂಬರಿನಲ್ಲಿ ಉಲ್ಗುಲಾನ್, ಎಂದರೆ ಮಹಾಕ್ಷೋಭೆ, ಎದ್ದಿತು. 1900ರ ಜನವರಿ 9ರಂದು ಡೊಂಬಾರಿಯ ಗುಡ್ಡಗಳಲ್ಲಿ ಬಿಲ್ಲುಬಾಣಗಳ ಜನರ ಮೇಲೆ ಬಂದೂಕು ಹಾರಿಸಲಾಯಿತು. ಬಿರ್ಸಾ ಫೆಬ್ರವರಿಯಲ್ಲಿ ಸಿಕ್ಕಿಬಿದ್ದನು. ಜೂನ್ 9ರಂದು ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡನು. ಇಪ್ಪತ್ತೈದು ವರ್ಷ ತುಂಬಿರಲಿಲ್ಲ.

ಅವನು ಹೇಳಿದ ಹೊಸ ಧರ್ಮದ ವಿಚಾರ ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಬೇಕಾದದ್ದು, ಅವನು ಸತ್ತ ಎಂಟು ವರ್ಷಗಳೊಳಗೆ ಏನಾಯಿತೆಂಬುದು. ಇಡೀ ಸೀಮೆಯನ್ನು ಹೊಸದಾಗಿ ಅಳೆದು ಹಕ್ಕುಗಳನ್ನು ಬರೆದರು. 1908ರಲ್ಲಿ ಛೋಟಾನಾಗಪುರದ ಗೇಣಿ ಕಾನೂನು ಜಾರಿಗೆ ಬಂದಿತು. ಅದರ ರಚನೆಯಲ್ಲಿ ಮುಂಡರ ಭಾಷೆಯನ್ನು ಆಳವಾಗಿ ಕಲಿತಿದ್ದ ಜೆಸುಯಿಟ್ ಪಾದ್ರಿ ಹಾಫ್‌ಮನ್ನರ ಕೈ ಇದ್ದಿತು. ಮುಂಡಾರಿ ಭಾಷೆಯ ಬೃಹತ್ ಕೋಶವನ್ನು ಮಾಡಿದವರೂ ಅವರೇ. ಭಾಷೆಯನ್ನು ತಿಳಿಯದೆ ಆಸ್ತಿಯನ್ನು ತಿಳಿಯಲಾಗದೆಂದು ಅವರಿಗೆ ಗೊತ್ತಿದ್ದಿರಬೇಕು. ರಾಂಚಿಯ ವಕೀಲರಾದ ಶರತ್ ಚಂದ್ರ ರಾಯರು 1912ರಲ್ಲಿ ಮುಂಡರನ್ನೂ ಅವರ ನಾಡನ್ನೂ ಕುರಿತು ಪುಸ್ತಕ ಬರೆದರು. ಕಕ್ಷಿಗಾರರ ಕಷ್ಟವನ್ನು ಕೇಳುತ್ತ ಕೇಳುತ್ತ ಮಾನವಶಾಸ್ತ್ರಜ್ಞರಾದ ವಕೀಲರು ಅವರು.

ಈ ಕಾನೂನು ಖೂಂಟ್‌ಕಟ್ಟಿ ಗ್ರಾಮವೆಂಬುದನ್ನು ಹೆಸರು ಹೇಳಿ ಗುರುತಿಸಿತು, ಅದಕ್ಕೆಂದೇ ಬೇರೊಂದು ಅಧ್ಯಾಯವನ್ನಿಟ್ಟಿತು. ಪ್ರಸಿದ್ಧವಾದ 46ನೆಯ ಪ್ರಕರಣವು, ಹಲವು ತಿದ್ದುಪಡಿಗಳಾದ ಮೇಲಿನ ರೂಪದಲ್ಲಿ, ಆದಿವಾಸಿಯು ತನ್ನ ಜಮೀನನ್ನು ಅದೇ ಪೊಲೀಸ್ ಠಾಣೆಯ ಎಲ್ಲೆಯೊಳಗಿನ ಇನ್ನೊಬ್ಬ ಆದಿವಾಸಿಗಲ್ಲದೆ ಮಾರಬಾರದೆಂದೂ, ಅದಕ್ಕೂ ಜಿಲ್ಲೆಯ ಡೆಪ್ಯುಟಿ ಕಮೀಷನರ ಅಪ್ಪಣೆ ಬೇಕೆಂದೂ ವಿಧಿಸುತ್ತದೆ.

ಇಲ್ಲಿ ನಗರದ ವಿದ್ಯಾವಂತರು ಎತ್ತುವ ಆಕ್ಷೇಪಣೆಯೊಂದುಂಟು. ನಾವು ಅದನ್ನು ಅನೇಕ ಸಲ ಕೇಳಿದ್ದೇವೆ. ಮಾರಲಾಗದ ಆಸ್ತಿ ಆಸ್ತಿಯೇ? ಅಡವಿಡಲಾಗದ ಹೊಲದ ಮೇಲೆ ಬ್ಯಾಂಕು ಸಾಲ ಕೊಟ್ಟೀತೆ? ಮಗನನ್ನು ಓದಿಸಬೇಕಾದ ತಂದೆಯ ಕೈಯನ್ನು ಕಟ್ಟಿಹಾಕಿ ಅವನನ್ನು ರಕ್ಷಿಸಿದೆವೆನ್ನುವುದು ನ್ಯಾಯವೆ? ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಸಾಲ ಸಿಕ್ಕದ ತೊಂದರೆ ನಿಜವಾದದ್ದು. ಅದನ್ನು ಪಟ್ಟಿರುವವರು ಆದಿವಾಸಿಗಳೇ. ಆದರೆ ಕೇಳುವವರು ಒಂದನ್ನು ಮರೆಯುತ್ತಾರೆ. ಈ ನೆಲವು ಮೊದಲಿನಿಂದಲೂ ಒಬ್ಬನದಾಗಿದ್ದು ಆಮೇಲೆ ಕಾನೂನು ಅವನ ಕೈ ಕಟ್ಟಿದ್ದಲ್ಲ. ಕುಲದ ನೆಲದಲ್ಲಿ ಅವನದು ಒಂದು ಪಾಲು. ಪಾಲುದಾರನು ಇಡೀ ಕೂಟದ ಅನುಮತಿಯಿಲ್ಲದೆ ಹೊರಗಿನವನನ್ನು ಒಳಕ್ಕೆ ತರಲಾರನೆಂಬುದು ನಮ್ಮ ಅವಿಭಕ್ತ ಕುಟುಂಬಗಳಿಗೂ ಹೊಸ ಮಾತಲ್ಲ. ಅಲ್ಲದೆ ಪರಭಾರೆಯ ನಿಷೇಧವನ್ನು ನಾವೂ ಮಾಡಿದ್ದೇವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಜಮೀನನ್ನು ಕೈಬಿಟ್ಟುಹೋಗದಂತೆ ಕಾಯುವುದಕ್ಕಾಗಿ ಕರ್ಣಾಟಕವು 1978ರಲ್ಲಿ ಕಾನೂನು ಮಾಡಿತು. ಹಸಿದವನು ಮಾಡುವ ಕ್ರಯವು ಸ್ವೇಚ್ಛೆಯ ಕ್ರಯವಲ್ಲವೆಂಬ ಅನುಭವವೇ ಎರಡಕ್ಕೂ ತಳಹದಿ.

ಕಾನೂನು ಇದ್ದರೂ ನೆಲ ಜಾರಿತು. ಬೇನಾಮಿ ಹೆಸರಿನಲ್ಲಿ ಜಾರಿತು, ಆದಿವಾಸಿ ಸ್ತ್ರೀಯನ್ನು ಮದುವೆಯಾದವರ ಮೂಲಕ ಜಾರಿತು, ಸಾರ್ವಜನಿಕ ಉದ್ದೇಶವೆಂಬ ಹೆಬ್ಬಾಗಿಲಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಜಾರಿತು. ಉಕ್ಕಿನ ಕಾರ್ಖಾನೆ, ಗಣಿ, ಅಣೆಕಟ್ಟು, 1958ರಲ್ಲಿ ರಾಂಚಿಯಲ್ಲಿ ಸ್ಥಾಪಿತವಾದ ಭಾರಿ ಯಂತ್ರಗಳ ಕಾರ್ಖಾನೆ ಇವೆಲ್ಲ ಯಾರದೋ ಗದ್ದೆಯ ಮೇಲೆ ನಿಂತವು. ಖೂಂಟಿ ಸೀಮೆಯ ಕೋಯಲ್ ಮತ್ತು ಕಾರೋ ನದಿಗಳಿಗೆ ಕಟ್ಟೆ ಹಾಕುವ ಯೋಜನೆಯು ಮಾತ್ರ ಜನರು ದಶಕಗಳ ಕಾಲ ದಾರಿಗೆ ಅಡ್ಡ ನಿಂತುದರಿಂದ ನಡೆಯದೆ ಹೋಯಿತು. ಸರ್ನಾಗಳೂ ಸಾಸನ್‌ದಿರಿಗಳೂ ಮುಳುಗುವುವು, ಅವಕ್ಕೆ ಏನು ಪರಿಹಾರ ಕಟ್ಟುವಿರಿ ಎಂದು ಅವರು ಕೇಳಿದರು. ಇಂಜಿನಿಯರುಗಳ ಲೆಕ್ಕದ ಪುಸ್ತಕದಲ್ಲಿ ಆ ಕಲಮು ಇರಲಿಲ್ಲ. 2001ರ ಫೆಬ್ರವರಿ 2ರಂದು ತಪಕಾರಾದಲ್ಲಿ ಗೋಲೀಬಾರಾಗಿ ಜನರು ಸತ್ತ ಮೇಲೆ, 2003ರಲ್ಲಿ ಯೋಜನೆಯನ್ನು ಕೈಬಿಟ್ಟರು.

ಸ್ವಯಮಾಡಳಿತದ ಮಾತಿಗೆ ಬರೋಣ. ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಗಟ್ಟಿಯಾಗಿ ಮಾತನಾಡಿದವರು ಜೈಪಾಲ್ ಸಿಂಗರು. 1928ರ ಆಂಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದವರು. ಆಕ್ಸ್‌ಫರ್ಡಿನಲ್ಲಿ ಓದಿದ ಮುಂಡಾ. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ನೀವು ಕಲಿಸಬೇಕಾಗಿಲ್ಲ, ಅವರಿಂದ ಕಲಿಯಬೇಕಾಗಿದೆ ಎಂಬ ಅರ್ಥದ ಮಾತನ್ನು ಅವರು 1946ರ ಡಿಸೆಂಬರಿನಲ್ಲಿ ಸಭೆಗೆ ಹೇಳಿದರು. ಸಂವಿಧಾನದ ಐದನೆಯ ಅನುಸೂಚಿಯು ಕೆಲವು ಸೀಮೆಗಳನ್ನು ಪ್ರತ್ಯೇಕಿಸಿ ರಾಜ್ಯಪಾಲರಿಗೆ ವಿಶೇಷಾಧಿಕಾರವನ್ನು ಕೊಟ್ಟಿತು. ಆದರೆ ಊರಿನ ಕೂಟಕ್ಕೆ ಅಧಿಕಾರ ಕೊಟ್ಟ ಕಾನೂನು ಬಂದದ್ದು 1996ರ ಡಿಸೆಂಬರಿನಲ್ಲಿ. ಅದರ ಹಿಂದೆ ದಿಲೀಪ್ ಸಿಂಗ್ ಭೂರಿಯಾ ಅವರ ಸಮಿತಿಯ ಶಿಫಾರಸು ಇದ್ದಿತು. ಆ ಕಾನೂನು ಗ್ರಾಮವೆಂದರೆ ಏನೆಂದು ಹೇಳುವ ರೀತಿ ನಮಗೆ ಬಹಳ ಮೆಚ್ಚಿಕೆಯಾಯಿತು. ಕಂದಾಯದ ನಕ್ಷೆಯ ಗ್ರಾಮವಲ್ಲ. ತನ್ನ ಪರಂಪರೆ ನಡೆವಳಿಕೆಗಳಂತೆ ತನ್ನ ವ್ಯವಹಾರಗಳನ್ನು ತಾನೇ ನಡೆಸಿಕೊಳ್ಳುವ ಸಮುದಾಯವು ವಾಸಿಸುವ ಹಟ್ಟಿ ಅಥವಾ ಹಟ್ಟಿಗಳ ಗುಂಪೇ ಗ್ರಾಮ. ನೆಲವನ್ನು ಸ್ವಾಧೀನಪಡಿಸಿಕೊಳ್ಳುವ ಮೊದಲು ಗ್ರಾಮಸಭೆ ಅಥವಾ ಪಂಚಾಯಿತಿಯನ್ನು ಕೇಳಬೇಕು. ಅನ್ಯಾಯವಾಗಿ ಪರಭಾರೆಯಾದ ಜಮೀನನ್ನು ಹಿಂದಕ್ಕೆ ಕೊಡಿಸುವ ಅಧಿಕಾರ, ಕಿರು ಅರಣ್ಯೋತ್ಪನ್ನಗಳ ಒಡೆತನ, ಸಂತೆ ಮತ್ತು ಲೇವಾದೇವಿಗಳ ಮೇಲಿನ ಹತೋಟಿ ಇವೆಲ್ಲ ಅದರಲ್ಲಿವೆ.

ಇಷ್ಟಿದ್ದೂ, 2000ದ ನವೆಂಬರ್ 15ರಂದು, ಬಿರ್ಸಾ ಹುಟ್ಟಿದ ದಿನವೇ, ಜನ್ಮ ತಳೆದ ಜಾರ್ಖಂಡ ರಾಜ್ಯದಲ್ಲಿ ಆ ಕಾನೂನಿಗೆ ಬೇಕಾದ ನಿಯಮಾವಳಿಯು ಎರಡು ದಶಕ ಕಳೆದರೂ ಸಿದ್ಧವಾಗಲಿಲ್ಲ. ಬದಲಾಗಿ 2016ರಲ್ಲಿ 1908ರ ಕಾನೂನನ್ನೇ ಸಡಿಲಿಸುವ ಮಸೂದೆಯನ್ನು ಶಾಸನಸಭೆಯಲ್ಲಿ ಒಪ್ಪಿಸಿಕೊಂಡರು. ಆಗ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು ಅವರು, ತಾವೇ ಸಂತಾಲ ಜನಾಂಗದವರು, 2017ರಲ್ಲಿ ಅದನ್ನು ಹಿಂದಿರುಗಿಸಿದರು. ಸರಕಾರವು ಮಸೂದೆಯನ್ನು ಬಿಟ್ಟುಕೊಟ್ಟಿತು. ಅದೇ ಕಾಲಕ್ಕೆ ಖೂಂಟಿಯ ಊರುಗಳ ಮುಂದೆ ದೊಡ್ಡ ದೊಡ್ಡ ಹಸುರು ಕಲ್ಲುಗಳು ಎದ್ದು ನಿಂತುವು. ಅಕ್ಷರವಿಲ್ಲದ ಕಲ್ಲು ಸಾಲದೆಂದು ಮುಂಡರು ಈ ಸಲ ಸಂವಿಧಾನದ ವಿಧಿಗಳನ್ನು ಕೆತ್ತಿಸಿ ನಿಲ್ಲಿಸಿದರು. ಪತ್ಥಲ್‌ಗಡಿ ಎಂಬ ಈ ಚಳವಳಿಯ ಕೆಲವು ಕಲ್ಲುಗಳ ಮೇಲಿನ ವ್ಯಾಖ್ಯಾನವು ಸಂವಿಧಾನದಲ್ಲಿ ಇಲ್ಲದ್ದನ್ನೂ ಹೇಳುತ್ತಿದ್ದಿತು. ಗ್ರಾಮಸಭೆಯ ಅಪ್ಪಣೆಯಿಲ್ಲದೆ ಹೊರಗಿನವರು ಕಾಲಿಡಕೂಡದೆಂಬ ಮಾತನ್ನು ಒಪ್ಪುವುದು ಕಷ್ಟ. ಆದರೆ ಅದಕ್ಕೆ ಉತ್ತರವಾಗಿ ಅಷ್ಟೊಂದು ಗ್ರಾಮಸ್ಥರ ಮೇಲೆ ರಾಜದ್ರೋಹದ ಆಪಾದನೆ ಹೊರಿಸಿದ್ದು ನಮಗೆ ಇನ್ನೂ ದೊಡ್ಡ ಅತಿರೇಕವಾಗಿ ಕಾಣುತ್ತದೆ. 2019ರ ಡಿಸೆಂಬರಿನಲ್ಲಿ ಬಂದ ಹೊಸ ಮಂತ್ರಿಮಂಡಲವು ಆ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವ ತೀರ್ಮಾನ ಮಾಡಿತು.

ಹೊಗಳುವ ಭರದಲ್ಲಿ ಒಂದನ್ನು ಮುಚ್ಚಿಡಬಾರದು. ಖೂಂಟ್‌ಕಟ್ಟಿಯ ಹಕ್ಕು ಗಂಡಿನಿಂದ ಗಂಡಿಗೆ ಹೋಗುವಂಥದು. ಮಗಳಿಗೆ ಪಾಲಿಲ್ಲ, ವಿಧವೆಗೆ ಬದುಕಿರುವವರೆಗೆ ಅನುಭೋಗ ಮಾತ್ರ. ಹೊರಗಿನ ಅಳಿಯನು ನೆಲಕ್ಕೆ ಒಡೆಯನಾಗಬಾರದೆಂಬುದು ಅದಕ್ಕೆ ಕೊಡುವ ಕಾರಣ. ಕಾರಣವು ಅರ್ಥವಾಗುತ್ತದೆ, ಆದರೆ ಆ ಕಾವಲಿನ ಬೆಲೆಯನ್ನು ತೆತ್ತವರು ಯಾವಾಗಲೂ ಹೆಂಗಸರೇ. ಈ ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 1996ರ ಮಧು ಕಿಶ್ವರ್ ಮೊಕದ್ದಮೆಯಲ್ಲಿ, ಬಹುಮತದ ನ್ಯಾಯಮೂರ್ತಿಗಳು ಆ ಪ್ರಕರಣಗಳನ್ನು ತೊಡೆದುಹಾಕದೆ, ನೆಲವನ್ನೇ ನಂಬಿ ಬದುಕುವ ಹೆಂಗಸರನ್ನು ಜೀವನಾಧಾರ ತಪ್ಪಿಸಿ ಹೊರಡಿಸಕೂಡದೆಂದು ಮಾತ್ರ ಹೇಳಿದರು. ಅರ್ಧ ನ್ಯಾಯವೆಂದು ಅದನ್ನು ಕರೆಯಬಹುದು. ಉಳಿದರ್ಧವನ್ನು ಊರಿನ ಕೂಟಗಳೇ ತೀರಿಸಿಕೊಂಡರೆ ಅವರ ಸ್ವಯಮಾಡಳಿತದ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಬೇಕಾಗಲಾರದು.

ನಮ್ಮ ಸೀಮೆಯವರು, ಇದು ಎಲ್ಲಿಯೋ ದೂರದ ಮಾತೆಂದು ತಿಳಿಯಬಹುದು. ಕರ್ಣಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ. ಆದಕಾರಣ 1996ರ ಕಾನೂನು ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ 2006ರ ಅರಣ್ಯ ಹಕ್ಕುಗಳ ಕಾನೂನು ಅನ್ವಯಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಅರಿಯದವರು ಮೈಸೂರಿನಲ್ಲಿ ಕಡಮೆ. ಕುಸುಮಾಲೆಯೆಂಬ ಸೋಲಿಗರ ಹೆಣ್ಣನ್ನು ಮದುವೆಯಾದುದರಿಂದ ರಂಗನಾಥನು ಅವರಿಗೆ ಭಾವನಾಗಬೇಕು. ದೇವರೊಡನೆ ನೆಂಟತನವಿದ್ದರೂ ನೆಲದ ಮೇಲೆ ಹಕ್ಕಿರಲಿಲ್ಲ. 1974ರಲ್ಲಿ ಕಾಡು ವನ್ಯಧಾಮವಾಯಿತು. ಕಾಡಿನಲ್ಲಿ ಎಡೆಯಿಂದೆಡೆಗೆ ಬೇಸಾಯ ಮಾಡುತ್ತಿದ್ದವರನ್ನು ಪೋಡುಗಳಲ್ಲಿ ನೆಲೆನಿಲ್ಲಿಸಿದರು. ಬೇಸಗೆಯ ಮೊದಲಲ್ಲಿ ಅವರು ಇಡುತ್ತಿದ್ದ ತರಗು ಬೆಂಕಿಯು ನಿಂತಿತು. ಅದು ನಿಂತದ್ದರಿಂದಲೇ ಲಂಟಾನದ ಪೊದೆ ಕಾಡನ್ನೆಲ್ಲ ನುಂಗಿತೆಂದು ಸೋಲಿಗರ ಹಿರಿಯರು ಹೇಳುತ್ತ ಬಂದಿದ್ದಾರೆ. ಮುಂದೆ ಜೇನು, ನೆಲ್ಲಿಕಾಯಿ, ಕಲ್ಲುಹೂವುಗಳನ್ನು ಮಾರಾಟಕ್ಕೆ ತರುವುದಕ್ಕೂ ತಡೆ ಬಿದ್ದಿತು. 2011ರ ಜನವರಿಯಲ್ಲಿ ಕಾಡು ಹುಲಿ ರಕ್ಷಿತಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕುಪತ್ರಗಳು ದೊರೆತುವು. ಹುಲಿಗೆಂದು ಮೀಸಲಾದ ಕಾಡಿನೊಳಗೆ ಇಂಥ ಹಕ್ಕುಪತ್ರಗಳನ್ನು ಪಡೆದವರಲ್ಲಿ ದೇಶಕ್ಕೆಲ್ಲ ಇವರು ಮೊದಲಿಗರು.

ಹಕ್ಕುಪತ್ರ ಕೈಗೆ ಬಂದುದರಿಂದ ಎಲ್ಲವೂ ಮುಗಿಯುವುದಿಲ್ಲ. ಯಾವ ಪೋಡಿನವರು ಯಾವ ಎಲ್ಲೆಯೊಳಗೆ ಜೇನು ಇಳಿಸತಕ್ಕದ್ದು, ನೆಲ್ಲಿಯ ಮರದಲ್ಲಿ ಎಷ್ಟು ಕಾಯನ್ನು ಬಿಡತಕ್ಕದ್ದು, ಲಂಟಾನವನ್ನು ಕೀಳಿಸುವ ಖರ್ಚನ್ನು ಯಾರು ಹೊರತಕ್ಕದ್ದು, ಅರಣ್ಯ ಇಲಾಖೆಯವರ ಕಾರ್ಯಯೋಜನೆಗೂ ಗ್ರಾಮಸಭೆಯ ನಿರ್ಣಯಕ್ಕೂ ಭೇದ ಬಂದಲ್ಲಿ ಯಾವುದು ನಿಲ್ಲತಕ್ಕದ್ದು—ಇವನ್ನು ಪೋಡಿನ ಅಂಗಳದಲ್ಲಿ ಕುಳಿತು ತೀರ್ಮಾನಿಸಬೇಕಾಗಿದೆ. ಕೊನೆಯ ಪ್ರಶ್ನೆಗೆ ಮಾತ್ರ ಪೋಡಿನ ಅಂಗಳವೊಂದೇ ಸಾಲದು. ಅದರ ಉತ್ತರವನ್ನು ಬರೆಯುವ ಲೇಖನಿ ಬೆಂಗಳೂರಿನ ಕಚೇರಿಗಳಲ್ಲಿದೆ.